ಕಡಲತಡಿಯ ಶಿಬಿರ ಮತ್ತು ಅಲೆಸವಾರಿ

ಮುಂಬಯಿಯಲ್ಲಿ ನೆಲಸಿರುವ ನಮಗೆ ಕಡಲು ಹೊಸದಲ್ಲ. ಚೌಪಾಟಿಯಲ್ಲಿ, ದಾದರಿನಲ್ಲಿ, ಜುಹುವಿನಲ್ಲಿ ಸಂಜೆಯ ಹೊತ್ತು ಅಲೆಗಳನ್ನು ನೋಡುತ್ತ ನಿಂತವರೇ ನಾವೆಲ್ಲರೂ. ನಮ್ಮಲ್ಲಿ ಅನೇಕರ ಹುಟ್ಟೂರುಗಳೂ ಕಡಲಿನ ಮಗ್ಗುಲಲ್ಲಿಯೇ ಇವೆ. ರಜೆ ಬಂದೊಡನೆ ರೈಲನ್ನೇರಿ ಕುಂದಾಪುರ, ಉಡುಪಿ, ಮೂಲ್ಕಿ, ಮಂಗಳೂರುಗಳ ಕಡೆಗೆ ಹೊರಡುವುದು ನಮ್ಮ ವಾಡಿಕೆ. ಆದರೆ ಕಡಲನ್ನು ನೋಡುವುದು ಬೇರೆ, ಅರಿಯುವುದು ಬೇರೆ. ದಂಡೆಯ ಮೇಲೆ ನಿಂತು ನೋಡುವವನಿಗೆ ಕಡಲು ಒಂದು ಚಿತ್ರವಿದ್ದಂತೆ. ನೀರಿಗೆ ಇಳಿಯುವವನಿಗಾದರೋ ಅದು ಅಕ್ಷರ ಅಕ್ಷರವಾಗಿ ಓದಿ ತಿಳಿಯಬೇಕಾದ ಗ್ರಂಥ.

ಹಲಗೆಯ ಮೇಲೆ ನಿಂತು ಅಲೆಯ ಬೆನ್ನೇರಿ ದಂಡೆಗೆ ಬರುವ ಆಟಕ್ಕೆ ಸರ್ಫಿಂಗ್ ಎಂದು ಹೆಸರು. ನಾವಿದನ್ನು ಅಲೆಸವಾರಿ ಎಂದು ಕರೆಯೋಣ. ಹನ್ನೆರಡು ಮಂದಿ ವಿದ್ಯಾರ್ಥಿಗಳೂ ಇಬ್ಬರು ಉಪಾಧ್ಯಾಯರೂ ಮೂರು ದಿನಗಳ ಮಟ್ಟಿಗೆ ಕಡಲತಡಿಯಲ್ಲಿ ಡೇರೆ ಹಾಕಿ ಈ ಆಟವನ್ನು ಕಲಿಯಬೇಕೆಂದು ಬಯಸಿದರೆ ಅದಕ್ಕೆ ಯೋಜನೆಯನ್ನು ಹೇಗೆ ಹಾಕಿಕೊಳ್ಳಬೇಕು? ಇದೇ ಈ ಪಾಠದ ವಿಷಯ. ಪ್ರವಾಸವೆಂದೊಡನೆ ನಾವು ಸಾಮಾನ್ಯವಾಗಿ ಮೊದಲು ಗಂಟುಮೂಟೆಯನ್ನು ಕುರಿತು ಯೋಚಿಸುತ್ತೇವೆ. ಅನಂತರ ಸ್ಥಳದ ಮಾತು. ಕಡಲಿನ ಸ್ಥಿತಿಯ ವಿಚಾರವೋ, ದಂಡೆಯನ್ನು ಮುಟ್ಟಿದ ಮೇಲೆ! ಈ ಕ್ರಮವು ತಲೆಕೆಳಗಾದುದು. ಮೊದಲು ಕಡಲು, ಅನಂತರ ದಂಡೆ, ಕೊನೆಗೆ ಗಂಟುಮೂಟೆ: ಇದೇ ಸರಿಯಾದ ಕ್ರಮವೆಂಬುದನ್ನು ಮುಂದೆ ವಿಚಾರಮಾಡೋಣ.

ಆಟದ ಹಿನ್ನೆಲೆ

ಅಲೆಸವಾರಿಯ ತವರು ಪೆಸಿಫಿಕ್ ಮಹಾಸಾಗರದ ದ್ವೀಪಗಳು. ಹವಾಯಿ ದ್ವೀಪಗಳಲ್ಲಿ ಅರಸರೂ ಪ್ರಜೆಗಳೂ, ಗಂಡಸರೂ ಹೆಂಗಸರೂ ಈ ಆಟವನ್ನು ಆಡುತ್ತಿದ್ದರು. ಮರದ ದಿಮ್ಮಿಯನ್ನು ಕೆತ್ತಿ ಹಲಗೆಗಳನ್ನು ಮಾಡಿಕೊಳ್ಳುತ್ತಿದ್ದರು. ಕ್ಯಾಪ್ಟನ್ ಕುಕ್ಕನ ಹಡಗುಗಳು ಅಲ್ಲಿಗೆ ಹೋದಾಗ ಆತನ ಅಧಿಕಾರಿಯಾದ ಜೇಮ್ಸ್ ಕಿಂಗನು ೧೭೭೯ರಲ್ಲಿ ಈ ಆಟವನ್ನು ಕಂಡು ವರ್ಣಿಸಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಜಗತ್ತಿಗೆ ಪರಿಚಯ ಮಾಡಿಸಿದವರಲ್ಲಿ ಹವಾಯಿಯ ಡ್ಯೂಕ್ ಕಹಾನಮೊಕು (೧೮೯೦–೧೯೬೮) ಮುಖ್ಯನಾದವನು. ಈತನು ಒಲಿಂಪಿಕ್ ಕ್ರೀಡೆಗಳಲ್ಲಿ ಈಜಿ ಚಿನ್ನದ ಪದಕಗಳನ್ನು ಪಡೆದವನೆಂಬುದನ್ನು ನಾವು ವಿಶೇಷವಾಗಿ ಗಮನಿಸತಕ್ಕದ್ದು. ಈ ಆಟದಲ್ಲಿ ಈಜು ಮೊದಲು, ಹಲಗೆ ಅನಂತರ. ಟೋಕಿಯೋ ಒಲಿಂಪಿಕ್ಸ್ ೨೦೨೧ರಲ್ಲಿ ನಡೆದಾಗ ಅಲೆಸವಾರಿಯು ಮೊದಲ ಬಾರಿಗೆ ಅಲ್ಲಿನ ಸ್ಪರ್ಧೆಗಳ ಪಟ್ಟಿಗೆ ಸೇರಿತು.

ನಮ್ಮ ನಾಡಿಗೆ ಈ ಆಟವು ಬಂದು ಬಹಳ ವರ್ಷಗಳಾಗಿಲ್ಲ. ಇದರಲ್ಲಿ ಕನ್ನಡ ಕರಾವಳಿಯ ಪಾಲು ದೊಡ್ಡದು. ಅಮೆರಿಕದಿಂದ ಬಂದು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಆಶ್ರಮವನ್ನು ಮಾಡಿಕೊಂಡ ಜ್ಯಾಕ್ ಹೆಬ್ನರ್ ಎಂಬವರು ೨೦೦೪ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ಮೂಲ್ಕಿಯ ಸಮೀಪದ ಸಸಿಹಿತ್ಲು ಕಡಲತಡಿಯಲ್ಲಿ ೨೦೨೪ರಲ್ಲಿ ಭಾರತೀಯ ಮುಕ್ತ ಸರ್ಫಿಂಗ್ ಸ್ಪರ್ಧೆ ನಡೆಯಿತು. ನಮ್ಮ ಅಜ್ಜ ಅಜ್ಜಿಯರ ಊರಿನ ಮರಳಿನ ಮೇಲೆ ದೇಶದ ಸ್ಪರ್ಧಾಳುಗಳು ಸೇರುತ್ತಾರೆಂಬುದು ನಮಗೆ ಹೆಮ್ಮೆಯ ಸಂಗತಿಯಲ್ಲವೇ? ಆದುದರಿಂದ ನಮ್ಮ ಶಿಬಿರಕ್ಕೂ ಮೂಲ್ಕಿ–ಸಸಿಹಿತ್ಲುಗಳ ಪ್ರದೇಶವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಅಲೆಯು ಎಲ್ಲಿಂದ ಬರುತ್ತದೆ?

ಗಾಳಿಯು ನೀರಿನ ಮೇಲೆ ಬೀಸುವುದರಿಂದ ಅಲೆಗಳು ಹುಟ್ಟುತ್ತವೆ. ಗಾಳಿಯ ವೇಗ, ಅದು ಬೀಸುವ ಕಾಲ, ಅದು ಬೀಸುವ ನೀರಿನ ಹರವು, ಈ ಮೂರೂ ಹೆಚ್ಚಿದಷ್ಟು ಅಲೆಯೂ ದೊಡ್ಡದಾಗುತ್ತದೆ. ಅಲೆಯು ಮುಂದೆ ಸಾಗುವಾಗ ನೀರು ಅದರೊಡನೆ ಸಾಗುವುದಿಲ್ಲವೆಂಬುದು ನೆನಪಿಡಬೇಕಾದ ಸಂಗತಿ. ಗಾಳಿ ಬೀಸಿದಾಗ ಬತ್ತದ ಗದ್ದೆಯ ಪೈರು ಅಲೆಯಲೆಯಾಗಿ ಬಾಗುತ್ತದೆ. ಅಲೆಯು ಗದ್ದೆಯ ಆ ಬದುವನ್ನು ಮುಟ್ಟಿದರೂ ಪೈರು ನಿಂತಲ್ಲೇ ಇರುತ್ತದೆ. ಆಳವಾದ ಕಡಲಿನಲ್ಲಿ ನೀರೂ ಹಾಗೆಯೇ. ಅದರ ಕಣಗಳು ನಿಂತಲ್ಲಿಯೇ ಸುತ್ತು ಹಾಕುತ್ತವೆ. ಸಾಗುವುದು ಶಕ್ತಿ ಮಾತ್ರ.

ಒಂದು ಅಲೆಯ ನೆತ್ತಿಯು ಹಾದುಹೋದ ಮೇಲೆ ಮುಂದಿನ ಅಲೆಯ ನೆತ್ತಿ ಬರುವವರೆಗಿನ ಸೆಕೆಂಡುಗಳನ್ನು ಅಲೆಯ ಅವಧಿ ಎನ್ನುತ್ತಾರೆ. ಆಳವಾದ ನೀರಿನಲ್ಲಿ ಈ ಅವಧಿಯನ್ನು ೧.೫೬ರಿಂದ ಗುಣಿಸಿದರೆ ಅಲೆಯು ಸೆಕೆಂಡಿಗೆ ಎಷ್ಟು ಮೀಟರು ಸಾಗುತ್ತದೆಂಬುದು ತಿಳಿಯುತ್ತದೆ. ೮ ಸೆಕೆಂಡು ಅವಧಿಯ ಅಲೆಗೆ ಇದು ಸುಮಾರು ೧೨.೫ ಮೀಟರು, ಎಂದರೆ ಗಂಟೆಗೆ ೪೫ ಕಿಲೋಮೀಟರು. ೧೪ ಸೆಕೆಂಡು ಅವಧಿಯ ಅಲೆಗೆ ಸುಮಾರು ೨೨ ಮೀಟರು, ಎಂದರೆ ಗಂಟೆಗೆ ೭೮ ಕಿಲೋಮೀಟರಿಗೂ ಮಿಗಿಲು. ಆದರೆ ಅಲೆಗಳು ಒಂಟಿಯಾಗಿ ಬರುವುದಿಲ್ಲ, ತಂಡ ತಂಡವಾಗಿ ಬರುತ್ತವೆ. ಇಡೀ ತಂಡವು ಸಾಗುವ ವೇಗವು ಒಂದೊಂದು ಅಲೆಯ ವೇಗದ ಅರ್ಧದಷ್ಟೇ ಇರುತ್ತದೆ.

ಇನ್ನು ಒಂದು ಲೆಕ್ಕವನ್ನು ಮಾಡಿ ನೋಡೋಣ. ಹಿಂದೂ ಮಹಾಸಾಗರದ ದಕ್ಷಿಣದ ಕೊನೆಯಲ್ಲಿ, ಸುಮಾರು ೪೫ ಡಿಗ್ರಿ ದಕ್ಷಿಣ ಅಕ್ಷಾಂಶದ ಸುತ್ತಮುತ್ತ, ವರ್ಷದುದ್ದಕ್ಕೂ ಬಿರುಗಾಳಿಗಳು ಬೀಸುತ್ತಿರುತ್ತವೆ. ಮೂಲ್ಕಿಯು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಡುವಣ ಅಂತರವು ೫೮ ಡಿಗ್ರಿ. ಒಂದು ಡಿಗ್ರಿಗೆ ಸುಮಾರು ೧೧೧ ಕಿಲೋಮೀಟರಿನಂತೆ ಇದು ೬,೪೦೦ ಕಿಲೋಮೀಟರಿಗಿಂತ ಹೆಚ್ಚಾಯಿತು. ೧೪ ಸೆಕೆಂಡು ಅವಧಿಯ ಅಲೆಗಳ ತಂಡವು ದಿನಕ್ಕೆ ಸುಮಾರು ೯೪೦ ಕಿಲೋಮೀಟರು ಸಾಗುತ್ತದೆ. ಎಂದಮೇಲೆ ಈ ಶನಿವಾರ ಸಸಿಹಿತ್ಲುವಿನ ದಂಡೆಗೆ ಬಂದು ಒಡೆಯುವ ಅಂತಹ ಅಲೆಯು ಕಳೆದ ಶನಿವಾರ, ನಾವು ಹೆಸರನ್ನೂ ಕೇಳದ ಒಂದು ಬಿರುಗಾಳಿಯಲ್ಲಿ ಹುಟ್ಟಿದ್ದೆಂದಾಯಿತು.

ಇದರಿಂದ ನಾವು ಕಲಿಯಬೇಕಾದುದೇನು? ದಂಡೆಯಲ್ಲಿ ಗಾಳಿಯಿಲ್ಲ, ಬಾನಿನಲ್ಲಿ ಮೋಡವಿಲ್ಲ, ಆದುದರಿಂದ ಕಡಲು ಶಾಂತವಾಗಿರುವುದು ಎಂದು ತರ್ಕಿಸುವುದು ತಪ್ಪು. ಇಲ್ಲಿನ ಆಕಾಶವು ನಿರ್ಮಲವಾಗಿರುವಾಗಲೇ ದೂರದ ಅಲೆಗಳು ಬಂದು ದಂಡೆಯನ್ನು ಅಪ್ಪಳಿಸಬಹುದು. ಕೇರಳದ ಬೆಸ್ತರು ಇದಕ್ಕೆ ಕಳ್ಳಕ್ಕಡಲ್ ಎಂದು ಹೆಸರಿಟ್ಟಿದ್ದಾರೆ. ಕಳ್ಳನಂತೆ ಸುಳಿವು ಕೊಡದೆ ಬರುವ ಕಡಲು ಎಂದು ಇದರ ಅರ್ಥ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂತಹ ಅಲೆಗಳ ವಿಷಯದಲ್ಲಿ ಮುನ್ನೆಚ್ಚರಿಕೆ ಕೊಡುತ್ತದೆ. ಅಲೆಯ ಎತ್ತರ, ಅವಧಿ, ದಿಕ್ಕುಗಳ ಮುನ್ಸೂಚನೆಯನ್ನೂ ಪ್ರಕಟಿಸುತ್ತದೆ. ಶಿಬಿರಕ್ಕೆ ಹೊರಡುವ ಮೊದಲು ಒಂದು ವಾರ ಈ ಮುನ್ಸೂಚನೆಯನ್ನು ದಿನವೂ ಓದಿ ಬರೆದಿಡುವುದು ನಮ್ಮ ಯೋಜನೆಯ ಮೊದಲ ಕೆಲಸ.

ಕಾಲದ ಆಯ್ಕೆ

ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಕಾಲ. ಆಗ ಅರಬ್ಬೀ ಸಮುದ್ರವು ಉಗ್ರವಾಗಿರುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನಗಳ ಕಾಲ, ಯಂತ್ರದ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿದೆ. ಇದರ ಮುಖ್ಯ ಉದ್ದೇಶವು ಮೀನಿನ ಸಂತತಿಯನ್ನು ಕಾಪಾಡುವುದು. ಆದರೂ ಹುಟ್ಟಿನಿಂದ ಕಡಲನ್ನು ಬಲ್ಲ ಬೆಸ್ತರೇ ದೋಣಿಗಳನ್ನು ದಡಕ್ಕೆ ಸೇರಿಸುವ ಈ ದಿನಗಳು ಹೊಸಬರಿಗೆ ತಕ್ಕ ದಿನಗಳಲ್ಲ. ಮೇ ತಿಂಗಳಲ್ಲಿ ನಮಗೆ ದೀರ್ಘವಾದ ರಜೆಯಿದೆ, ನಿಜ. ಆದರೆ ಮಳೆಗಾಲವು ಸಮೀಪಿಸಿದಂತೆಲ್ಲ ಅಲೆಗಳು ಬಲಿಯುತ್ತವೆ. ನುರಿತವರಿಗೆ ಅದು ಸೊಗಸು, ಕಲಿಯುವವರಿಗೆ ಕಷ್ಟ. ೨೦೨೧ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಈ ಕರಾವಳಿಯ ಮಗ್ಗುಲಲ್ಲಿಯೇ ಹಾದುಹೋಯಿತೆಂಬುದನ್ನೂ ನೆನೆಯಬೇಕು.

ಹೊಸಬರಿಗೆ ಯೋಗ್ಯವಾದುದು ಮಳೆಗಾಲವು ಕಳೆದು ಕಡಲು ತಣಿದ ಮೇಲಿನ ಕಾಲ. ಎಂದರೆ ದೀಪಾವಳಿಯಿಂದ ಫೆಬ್ರವರಿಯವರೆಗಿನ ತಿಂಗಳುಗಳು. ಆಗ ಅಲೆಗಳು ಸಣ್ಣವಾಗಿಯೂ ಕ್ರಮವಾಗಿಯೂ ಇರುವ ದಿನಗಳು ಹೆಚ್ಚು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿಯೂ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಏಳುವುದುಂಟು. ೨೦೧೯ರ ಅಕ್ಟೋಬರಿನ ಕ್ಯಾರ್ ಚಂಡಮಾರುತವು ಇದಕ್ಕೆ ನಿದರ್ಶನ. ಆದಕಾರಣ ಡಿಸೆಂಬರಿನ ಕೊನೆಯ ರಜೆಯನ್ನು ನಾವು ಆರಿಸಿಕೊಳ್ಳೋಣ.

ದಿನದಲ್ಲಿ ಯಾವ ಹೊತ್ತು ಒಳ್ಳೆಯದು? ಹಗಲಿನಲ್ಲಿ ನೆಲವು ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿಯು ಮೇಲೇಳುತ್ತದೆ, ಆ ಎಡೆಯನ್ನು ತುಂಬಲು ಕಡಲಿನಿಂದ ಗಾಳಿ ಬೀಸುತ್ತದೆ. ಈ ಕಡಲಗಾಳಿಯು ಮಧ್ಯಾಹ್ನದ ಹೊತ್ತಿಗೆ ನೀರಿನ ಮೈಯನ್ನು ಕದಡಿಬಿಡುತ್ತದೆ. ಇರುಳಿನಲ್ಲಿ ಇದಕ್ಕೆ ವಿರುದ್ಧವಾಗಿ ನೆಲದಿಂದ ಕಡಲಿನ ಕಡೆಗೆ ಮೆಲ್ಲನೆ ಗಾಳಿ ಬೀಸುತ್ತದೆ. ಬೆಳಗಿನ ಜಾವದಲ್ಲಿ ಈ ನೆಲಗಾಳಿಯು ಇನ್ನೂ ಇರುವುದರಿಂದ ಅಲೆಗಳ ಮುಖವು ನುಣುಪಾಗಿರುತ್ತದೆ. ಆದುದರಿಂದ ಅಲೆಸವಾರಿಯು ಬೆಳಗಿನ ಆಟ. ತಡವಾಗಿ ಏಳುವವರಿಗೆ ಈ ಶಿಬಿರವು ಹೇಳಿಸಿದ್ದಲ್ಲ!

ಉಬ್ಬರವಿಳಿತದ ಲೆಕ್ಕ

ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಕಡಲಿನ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷಗಳಾಗುತ್ತವೆ. ಇಂದು ಬೆಳಗ್ಗೆ ೬ ಗಂಟೆಗೆ ಉಬ್ಬರವಿದ್ದರೆ ನಾಳೆ ಬೆಳಗ್ಗೆ ಸುಮಾರು ೬ ಗಂಟೆ ೫೦ ನಿಮಿಷಕ್ಕೆ, ನಾಡಿದ್ದು ೭ ಗಂಟೆ ೪೦ ನಿಮಿಷಕ್ಕೆ. ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಸೂರ್ಯ, ಚಂದ್ರ, ಭೂಮಿಗಳು ಒಂದೇ ಸಾಲಿನಲ್ಲಿ ಬರುವುದರಿಂದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು.

ಮುಂಬಯಿಯ ವಿದ್ಯಾರ್ಥಿಗಳು ಇಲ್ಲಿ ಒಂದು ಭೇದವನ್ನು ಅರಿತಿರಬೇಕು. ಮುಂಬಯಿಯಲ್ಲಿ ಅಂತಹ ದಿನಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ೪ ಮೀಟರಿಗೂ ಮಿಕ್ಕ ವ್ಯತ್ಯಾಸವಿರುತ್ತದೆ. ಆಗ ನೀರು ಬಹುದೂರ ಸರಿದು ಬಂಡೆಗಳೂ ಕೆಸರೂ ಕಾಣುತ್ತವೆ. ಮಂಗಳೂರಿನ ಕಡೆಯಲ್ಲಿ ಈ ವ್ಯತ್ಯಾಸವು ಸುಮಾರು ಒಂದೂವರೆ ಮೀಟರು ಮಾತ್ರ. ಇದರಿಂದ ಅಲ್ಲಿ ಉಬ್ಬರವಿಳಿತಕ್ಕೆ ಮಹತ್ವವಿಲ್ಲವೆಂದು ಭಾವಿಸಲಾಗದು. ಏಕೆಂದರೆ ಆ ಕರಾವಳಿಯಲ್ಲಿ ನದಿಗಳ ಅಳಿವೆಗಳು ಅನೇಕ. ಸಸಿಹಿತ್ಲುವಿನ ಬಳಿಯಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲನ್ನು ಸೇರುತ್ತವೆ. ನೋಡಲು ಅದು ರಮಣೀಯವಾದ ಸ್ಥಳ. ಇಳಿತದ ಹೊತ್ತಿನಲ್ಲಾದರೋ ಎರಡು ನದಿಗಳ ನೀರೂ ಒಳನುಗ್ಗಿದ್ದ ಉಬ್ಬರದ ನೀರೂ ಒಟ್ಟಾಗಿ ಆ ಕಿರಿದಾದ ಬಾಯಿಯಿಂದ ಹೊರಕ್ಕೆ ಹರಿಯುತ್ತವೆ. ಅಲ್ಲಿ ಸಿಕ್ಕಿದವನು ಎಷ್ಟು ಬಲಶಾಲಿಯಾದರೂ ಕಡಲಿನ ಪಾಲು. ಆದಕಾರಣ ಅಳಿವೆಯ ಬಳಿಯಲ್ಲಿ ನೀರಿಗೆ ಇಳಿಯಕೂಡದು.

ಸೆಳವು: ಕಾಣದ ಹೊಳೆ

ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಅಲೆಗಳು ಒಡೆದಾಗ ನೀರು ದಂಡೆಯ ಕಡೆಗೆ ನುಗ್ಗುತ್ತದೆ. ಹೀಗೆ ಬಂದು ಸೇರಿದ ನೀರು ಎಲ್ಲಾದರೂ ಹಿಂದಿರುಗಲೇಬೇಕು. ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕಿದಲ್ಲಿ ಅದೆಲ್ಲವೂ ಒಂದು ಹೊಳೆಯಂತೆ ಕೂಡಿ ಕಡಲಿನತ್ತ ಹರಿಯುತ್ತದೆ. ಇದೇ ಸೆಳವು. ಇದು ಮನುಷ್ಯನನ್ನು ನೀರಿನ ಅಡಿಗೆ ಎಳೆಯುವುದಿಲ್ಲ, ದಂಡೆಯಿಂದ ದೂರಕ್ಕೆ ಒಯ್ಯುತ್ತದೆ. ಬಲವಾದ ಸೆಳವು ಸೆಕೆಂಡಿಗೆ ೨ ಮೀಟರು ವೇಗದಲ್ಲಿ ಹರಿಯಬಲ್ಲುದು. ಒಲಿಂಪಿಕ್ ಈಜುಗಾರರು ೧೦೦ ಮೀಟರು ಪಂದ್ಯದಲ್ಲಿ ಈಜುವ ವೇಗವೂ ಹೆಚ್ಚು ಕಡಿಮೆ ಇಷ್ಟೇ. ಅಂದಮೇಲೆ ಸೆಳವಿಗೆ ಎದುರಾಗಿ ಈಜಿ ಗೆಲ್ಲುವೆನೆಂಬುದು ವ್ಯರ್ಥ ಸಾಹಸ. ಸೆಳವಿಗೆ ಸಿಕ್ಕಿದವರು ಮಡಿಯುವುದು ಹೆಚ್ಚಾಗಿ ಅದರೊಡನೆ ಹೋರಾಡಿ ದಣಿಯುವುದರಿಂದ.

ಸೆಳವನ್ನು ಗುರುತಿಸುವುದು ಹೇಗೆ? ಎತ್ತರವಾದ ಸ್ಥಳದಲ್ಲಿ ನಿಂತು ಹತ್ತು ನಿಮಿಷ ನೀರನ್ನು ನೋಡಬೇಕು. ಎರಡು ಕಡೆಗಳಲ್ಲಿಯೂ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಕಪ್ಪಾಗಿ ಕಂಡರೆ, ಅಥವಾ ನೊರೆಯೂ ಕಸವೂ ಕಡಲಿನತ್ತ ಸಾಗುತ್ತಿದ್ದರೆ, ಅಲ್ಲಿ ಸೆಳವಿದೆಯೆಂದು ತಿಳಿಯಬೇಕು. ಅರಿಯದವರ ಕಣ್ಣಿಗೆ ಅದೇ ಎಲ್ಲಕ್ಕಿಂತ ಶಾಂತವಾದ, ಈಜಲು ಯೋಗ್ಯವಾದ ಸ್ಥಳವೆಂದು ತೋರುತ್ತದೆ. ಅಪಾಯವಿರುವುದು ಈ ತೋರಿಕೆಯಲ್ಲಿಯೇ.

ಸಿಕ್ಕಿಕೊಂಡರೆ ಏನು ಮಾಡಬೇಕು? ಮೊದಲನೆಯದಾಗಿ ಗಾಬರಿಯಾಗದೆ ತೇಲಬೇಕು. ಹಲಗೆಯಿದ್ದರೆ ಅದನ್ನು ಬಿಡಕೂಡದು. ಎರಡನೆಯದಾಗಿ ಒಂದು ಕೈಯನ್ನು ಮೇಲೆತ್ತಿ ನೆರವು ಕೋರಬೇಕು. ಮೂರನೆಯದಾಗಿ ದಂಡೆಯ ಕಡೆಗೆ ಈಜದೆ, ದಂಡೆಗೆ ಸಮಾನಾಂತರವಾಗಿ ಮಗ್ಗುಲಿಗೆ ಈಜಬೇಕು. ಸೆಳವಿನ ಪಟ್ಟಿಯನ್ನು ದಾಟಿದ ಮೇಲೆ, ಅಲೆಗಳು ಒಡೆಯುವಲ್ಲಿ, ಅವುಗಳೊಡನೆ ದಂಡೆಗೆ ಬರಬೇಕು. ದಂಡೆಯಲ್ಲಿರುವವರು ಸಹ ತಾವೂ ಹಾರಿ ಬೀಳಬಾರದು. ತೇಲುವ ಯಾವುದಾದರೂ ವಸ್ತುವನ್ನು ಎಸೆದು ಜೀವರಕ್ಷಕರನ್ನು ಕೂಗಬೇಕು, ೧೧೨ಕ್ಕೆ ಫೋನು ಮಾಡಬೇಕು.

ಈ ಮಾತುಗಳು ಅತಿಯಾದ ಅಂಜಿಕೆಯಿಂದ ಹುಟ್ಟಿದವಲ್ಲ. ೨೦೧೬ರ ಫೆಬ್ರವರಿ ೧ರಂದು ರಾಯಗಡ ಜಿಲ್ಲೆಯ ಮುರುಡ್ ಕಡಲತಡಿಗೆ ವಿಹಾರಕ್ಕೆ ಹೋಗಿದ್ದ ಪುಣೆಯ ಕಾಲೇಜೊಂದರ ೧೪ ಮಂದಿ ವಿದ್ಯಾರ್ಥಿಗಳು ನೀರುಪಾಲಾದರು. ೨೦೨೪ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಮಡಿದರು. ಅವರೆಲ್ಲರೂ ನಮ್ಮಂತೆಯೇ ನಲಿಯಲು ಹೋದವರು, ನಮ್ಮ ವಯಸ್ಸಿನವರು ಅಥವಾ ನಮಗಿಂತ ಕೊಂಚ ಹಿರಿಯರು. ಅವರನ್ನು ನೆನೆದು ಮರುಗಿದರೆ ಸಾಲದು. ನಾವು ಕಲಿಯುವುದೇ ಅವರಿಗೆ ಸಲ್ಲಿಸುವ ಗೌರವ.

ಹೊರಡುವ ಮುನ್ನ

ಶಿಬಿರಕ್ಕೆ ಮೂರು ತಿಂಗಳು ಮೊದಲೇ ಈಜಿನ ಅಭ್ಯಾಸವನ್ನು ಆರಂಭಿಸಬೇಕು. ನಿಲ್ಲದೆ ೧೦೦ ಮೀಟರು ಈಜಲೂ ಕೈಕಾಲು ಆಡಿಸುತ್ತ ೫ ನಿಮಿಷ ತೇಲಲೂ ಬಾರದವರನ್ನು ಹಲಗೆಯ ಮೇಲೆ ಏರಿಸುವುದು ತರವಲ್ಲ. ಅಂತಹ ಮಿತ್ರರು ಶಿಬಿರಕ್ಕೆ ಬರಲಿ, ದಂಡೆಯ ಕಾವಲು, ಅಲೆಗಳ ಎಣಿಕೆ, ಅಡಿಗೆಯ ಮೇಲ್ವಿಚಾರಣೆ ಮುಂತಾದ ಹೊಣೆಗಳನ್ನು ಹೊರಲಿ. ತಂದೆತಾಯಿಗಳ ಒಪ್ಪಿಗೆಯ ಪತ್ರ, ಮುಖ್ಯೋಪಾಧ್ಯಾಯರ ಅನುಮತಿ, ಸ್ಥಳದ ಒಡೆಯರ ಮತ್ತು ಊರಿನ ಪಂಚಾಯತಿಯ ಸಮ್ಮತಿ, ಇವೆಲ್ಲವೂ ಬರಹದಲ್ಲಿರಬೇಕು.

ಪ್ರಯಾಣಕ್ಕೆ ಕೊಂಕಣ ರೈಲು ಮಾರ್ಗವು ಅನುಕೂಲವಾಗಿದೆ. ಲೋಕಮಾನ್ಯ ತಿಲಕ್ ನಿಲ್ದಾಣದಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ರೈಲು ಮರುದಿನ ಬೆಳಗ್ಗೆ ಮೂಲ್ಕಿಯನ್ನು ಮುಟ್ಟುತ್ತದೆ. ಎಂಟು ಒಂಬತ್ತು ಅಡಿ ಉದ್ದದ ಹಲಗೆಗಳನ್ನು ರೈಲಿನಲ್ಲಿ ಒಯ್ಯುವ ಪಾಡು ಬೇಡ. ಕಲಿಸುವ ಸಂಸ್ಥೆಗಳಲ್ಲಿಯೇ ಅವು ಬಾಡಿಗೆಗೆ ಸಿಗುತ್ತವೆ. ಹೊಸಬರಿಗೆ ಮೆತ್ತನೆಯ ಮೈಯುಳ್ಳ ಉದ್ದನೆಯ ಹಲಗೆಯೇ ಒಳ್ಳೆಯದು. ಹಲಗೆ ದೊಡ್ಡದಾದಷ್ಟು ಹೆಚ್ಚು ತೇಲುತ್ತದೆ, ಕಡಿಮೆ ಹೊಯ್ದಾಡುತ್ತದೆ, ತಲೆಗೆ ತಾಗಿದರೂ ಪೆಟ್ಟು ಕಡಿಮೆ. ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗವು ಗಟ್ಟಿಯಾಗಿದೆಯೇ ಎಂದು ಪ್ರತಿದಿನವೂ ಪರೀಕ್ಷಿಸಬೇಕು.

ಡೇರೆ, ನೀರು, ಆಹಾರ

ಡೇರೆಯನ್ನು ಅಲೆಯ ಅಂಚಿನಲ್ಲಿ ಹಾಕುವುದು ಚಿತ್ರಗಳಲ್ಲಿ ಮಾತ್ರ ಚೆಂದ. ಉಬ್ಬರದ ನೀರು ತಂದು ಬಿಟ್ಟ ಕಸದ ಗೆರೆಯನ್ನು ಗುರುತಿಸಿ, ಅದಕ್ಕಿಂತ ಬಹಳ ಮೇಲೆ, ದಂಡೆಯ ಹಿಂದಿನ ಗಟ್ಟಿ ನೆಲದಲ್ಲಿ ಸ್ಥಳವನ್ನು ಆರಿಸಬೇಕು. ತೆಂಗಿನ ಮರದ ಕೆಳಗೆ ಡೇರೆ ಬೇಡ. ಕಾಯಿ ಬೀಳಲು ನಮ್ಮ ಅನುಮತಿಯನ್ನು ಕೇಳುವುದಿಲ್ಲ! ಗಾಳಿಮರದ ತೋಪಿನ ನೆರಳು ಹಿತಕರ. ಆದರೆ ಅದರ ಒಣಗಿದ ಎಲೆಗಳು ಬೇಗ ಹೊತ್ತಿಕೊಳ್ಳುವುದರಿಂದ ಅಲ್ಲಿ ಬೆಂಕಿ ಹಾಕಕೂಡದು. ಮರಳಿನಲ್ಲಿ ಗೂಟಗಳು ನಿಲ್ಲುವುದಿಲ್ಲ. ಮರಳು ತುಂಬಿದ ಚೀಲಗಳಿಗೆ ಹಗ್ಗವನ್ನು ಕಟ್ಟಿ ಅವುಗಳನ್ನು ಆಳವಾಗಿ ಹೂತರೆ ಡೇರೆಯು ಭದ್ರವಾಗಿ ನಿಲ್ಲುತ್ತದೆ.

ಚಳಿಗಾಲದ ಇರುಳುಗಳಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಈ ಕರಾವಳಿಯ ಮರಳಿಗೆ ಬರುತ್ತವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇವುಗಳಿಗೆ ರಕ್ಷಣೆ ಕೊಟ್ಟಿದೆ. ಮರಿಗಳು ಬೆಳಕಿನ ಕಡೆಗೆ ತೆವಳುವ ಸ್ವಭಾವದವು. ದಂಡೆಯಲ್ಲಿ ನಾವು ಉರಿಸುವ ದೀಪವು ಅವುಗಳನ್ನು ಕಡಲಿನಿಂದ ದೂರಕ್ಕೆ ದಾರಿತಪ್ಪಿಸುತ್ತದೆ. ಆದುದರಿಂದ ಇರುಳಿನಲ್ಲಿ ಮರಳಿನ ಮೇಲೆ ದೀಪವೂ ಬೇಡ, ಬೆಂಕಿಯೂ ಬೇಡ, ಗದ್ದಲವೂ ಬೇಡ. ದಂಡೆಯಲ್ಲಿ ಎಳೆದಿಟ್ಟ ದೋಣಿಗಳ ಮೇಲೆ ಕುಳಿತುಕೊಳ್ಳುವುದು, ಹರಡಿದ ಬಲೆಗಳನ್ನು ತುಳಿಯುವುದು ಇವೂ ಸಲ್ಲವು. ಅವು ಮೊಗವೀರ ಕುಟುಂಬಗಳ ಅನ್ನದ ಸಾಧನಗಳು. ಹೋದ ದಿನವೇ ಅಲ್ಲಿನ ಹಿರಿಯ ಬೆಸ್ತರೊಬ್ಬರನ್ನು ಕಂಡು, ವಿನಯದಿಂದ, ಎಲ್ಲಿ ಸೆಳವಿದೆ, ಎಲ್ಲಿ ಮರಳು ಸರಿದಿದೆ ಎಂದು ಕೇಳಿ ತಿಳಿಯಬೇಕು. ಪ್ರತಿ ಮಳೆಗಾಲವೂ ಕಡಲಿನ ತಳವನ್ನು ಹೊಸದಾಗಿ ತಿದ್ದುತ್ತದೆ. ಕಳೆದ ವರ್ಷ ಕಂಡ ದಂಡೆಯು ಈ ವರ್ಷ ಅದೇ ಆಗಿರುವುದಿಲ್ಲ.

ಕುಡಿಯುವ ನೀರಿಗೆ ಲೆಕ್ಕ ಬೇಕು. ಬಿಸಿಲಿನಲ್ಲಿ ಶ್ರಮಪಡುವವರಿಗೆ ದಿನಕ್ಕೆ ೪ ಲೀಟರಿನಂತೆ, ೧೪ ಮಂದಿಗೆ ೩ ದಿನಗಳಿಗೆ ೧೬೮ ಲೀಟರು. ಕಡಲಿಗೆ ತೀರ ಹತ್ತಿರದ ಬಾವಿಗಳಲ್ಲಿ ನೀರು ಉಪ್ಪಾಗಿರುವುದುಂಟು, ಮೊದಲೇ ವಿಚಾರಿಸಬೇಕು. ಊಟವು ಸರಳವಾಗಿರಲಿ. ಮುಂಜಾನೆ ಬಾಳೆಹಣ್ಣು, ಬೆಲ್ಲ ಕಾಯಿತುರಿ ಬೆರೆಸಿದ ಅವಲಕ್ಕಿ. ನೀರಿನಿಂದ ಬಂದ ಮೇಲೆ ಕುಚ್ಚಲಕ್ಕಿಯ ಗಂಜಿ, ಚಟ್ನಿ. ಹೊಟ್ಟೆ ಬಿರಿಯ ಉಂಡು ಹಲಗೆಯ ಮೇಲೆ ಬೋರಲಾಗಿ ಮಲಗುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸೀಟಿ, ಉದ್ದನೆಯ ಹಗ್ಗ, ತುಂಬುತೋಳಿನ ಅಂಗಿ, ಟೊಪ್ಪಿಗೆ ಇವು ಗಂಟುಮೂಟೆಯಲ್ಲಿ ಮರೆಯಬಾರದ ವಸ್ತುಗಳು.

ನೀರಿನಲ್ಲಿ

ಮೊದಲ ದಿನ ಹಲಗೆಯ ಪಾಠವೆಲ್ಲ ಮರಳಿನ ಮೇಲೆಯೇ. ಬೋರಲು ಮಲಗುವುದು, ಕೈಗಳಿಂದ ನೀರನ್ನು ತಳ್ಳುವುದು, ಅಂಗೈಯೂರಿ ಏಳುವುದು, ಮಂಡಿಯನ್ನು ಬಾಗಿಸಿ ನಿಲ್ಲುವುದು, ಈ ನಾಲ್ಕನ್ನೂ ಮೈಗೂಡುವವರೆಗೆ ಅಭ್ಯಾಸಮಾಡಬೇಕು. ಎರಡನೆಯ ದಿನ ಬೆಳಗ್ಗೆ, ತರಬೇತಿ ಪಡೆದ ಶಿಕ್ಷಕರೊಡನೆ, ಸೊಂಟದ ಮಟ್ಟದ ನೀರಿನಲ್ಲಿ, ಒಡೆದು ನೊರೆಯಾದ ಅಲೆಗಳ ಮೇಲೆ ಮಾತ್ರ ಸವಾರಿ. ಒಬ್ಬ ಶಿಕ್ಷಕರಿಗೆ ನಾಲ್ವರಿಗಿಂತ ಹೆಚ್ಚು ಶಿಷ್ಯರು ಬೇಡ. ನೀರಿನಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರನಿರಬೇಕು. ಒಬ್ಬನು ದಂಡೆಗೆ ಬಂದರೆ ಇನ್ನೊಬ್ಬನೂ ಬರಬೇಕು.

ಒಂದು ಮೀಟರು ಎತ್ತರದ ಅಲೆಯು ಸುಮಾರು ೧.೩ ಮೀಟರು ಆಳದ ನೀರಿನಲ್ಲಿಯೇ ಒಡೆಯುತ್ತದೆ. ಹಲಗೆಯಿಂದ ಬೀಳುವವನ ಕೆಳಗೆ ನೀರು ಕಡಿಮೆಯೆಂದೇ ಇದರ ಅರ್ಥ. ಆದುದರಿಂದ ತಲೆಕೆಳಗಾಗಿ ಧುಮುಕದೆ, ಮೈಯನ್ನು ಹರಡಿ ಬೀಳಬೇಕು. ಮೇಲೇಳುವಾಗ ಎರಡು ಕೈಗಳಿಂದ ತಲೆಯನ್ನು ಮರೆಮಾಡಿಕೊಳ್ಳಬೇಕು.

ಇಳಿಯದಿರುವ ನಿರ್ಧಾರ

ಇಷ್ಟೆಲ್ಲ ಸಿದ್ಧತೆಯನ್ನು ಮಾಡಿ, ಹಣ ಕೂಡಿಸಿ, ರಾತ್ರಿಯೆಲ್ಲ ಪ್ರಯಾಣಮಾಡಿ ದಂಡೆಗೆ ಬಂದು ನಿಂತಾಗ ಕಡಲು ಸರಿಯಾಗಿಲ್ಲದಿದ್ದರೆ? ಆಗ ಹಿಂದಿರುಗುವುದು ಬಹಳ ಕಷ್ಟ. ದಂಡೆಯ ಮೇಲೆ ನಿಂತವರ ಪರವಾಗಿ ಆಸೆಯು ತೀರ್ಮಾನ ಮಾಡುತ್ತದೆ, ವಿವೇಕವಲ್ಲ. ಆದುದರಿಂದ ಯಾವ ಸಂದರ್ಭಗಳಲ್ಲಿ ನೀರಿಗೆ ಇಳಿಯುವುದಿಲ್ಲವೆಂಬುದನ್ನು ನಾವು ಮುಂಬಯಿಯಲ್ಲಿಯೇ, ತರಗತಿಯಲ್ಲಿ ಕುಳಿತು, ಒಂದು ಹಾಳೆಯ ಮೇಲೆ ಬರೆದು ಎಲ್ಲರೂ ಸಹಿ ಮಾಡಬೇಕು. ಆ ಹಾಳೆಯು ಹೀಗಿರಬಹುದು:

೧. ಆ ಕರಾವಳಿಗೆ ಚಂಡಮಾರುತದ ಅಥವಾ ಎತ್ತರದ ಅಲೆಯ ಎಚ್ಚರಿಕೆಯಿದ್ದ ದಿನ ಇಳಿಯುವುದಿಲ್ಲ.
೨. ಶಿಕ್ಷಕರೂ ಜೀವರಕ್ಷಕರೂ ಇಲ್ಲದಲ್ಲಿ ಇಳಿಯುವುದಿಲ್ಲ.
೩. ತಂಡದ ಅತ್ಯಂತ ಕಿರಿಯನ ಸೊಂಟಕ್ಕಿಂತ ಅಲೆಯು ಎತ್ತರವಾಗಿದ್ದರೆ ಇಳಿಯುವುದಿಲ್ಲ.
೪. ಅಳಿವೆಯ ಬಳಿಯಲ್ಲಿ ಯಾವ ಹೊತ್ತಿನಲ್ಲಿಯೂ ಇಳಿಯುವುದಿಲ್ಲ.
೫. ಗುಡುಗು ಕೇಳಿಸಿದರೆ ಮೇಲಕ್ಕೆ ಬರುತ್ತೇವೆ, ಕೊನೆಯ ಗುಡುಗು ಕೇಳಿ ೩೦ ನಿಮಿಷ ಕಳೆಯುವವರೆಗೆ ಇಳಿಯುವುದಿಲ್ಲ.
೬. ಹೊತ್ತು ಮುಳುಗಿದ ಮೇಲೆ ಇಳಿಯುವುದಿಲ್ಲ.
೭. ನಮ್ಮಲ್ಲಿ ಯಾರಾದರೂ ಒಬ್ಬರು ‘ಇಂದು ಬೇಡ’ ಎಂದರೆ ಅವರನ್ನು ಹೀಯಾಳಿಸುವುದಿಲ್ಲ.

ಈ ಏಳರಲ್ಲಿ ಕೊನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅಂಜುವವನನ್ನು ನಕ್ಕು ನೀರಿಗೆ ತಳ್ಳುವ ಗೆಳೆತನವು ಗೆಳೆತನವಲ್ಲ. ನೀರಿಗೆ ಇಳಿಯದ ದಿನವೂ ವ್ಯರ್ಥವಾದ ದಿನವಲ್ಲ. ಅಲೆಗಳನ್ನು ಎಣಿಸಬಹುದು, ಸೆಳವನ್ನು ಗುರುತಿಸಬಹುದು, ರಂಪಣಿ ಬಲೆಯನ್ನು ಎಳೆಯುವವರ ಕೌಶಲವನ್ನು ನೋಡಬಹುದು, ಹಿರಿಯರ ಅನುಭವವನ್ನು ಕೇಳಬಹುದು. ಏಳು ದಿನ ದಾರಿ ನಡೆದು ನಮ್ಮೂರಿನ ದಂಡೆಗೆ ಬಂದ ಅಲೆಗೆ ಅವಸರವಿಲ್ಲ. ಅದರ ಹಿಂದೆ ಇನ್ನೊಂದಿದೆ, ಮತ್ತೂ ಒಂದಿದೆ. ನಾಳೆಯ ಅಲೆಯನ್ನು ಏರಲು ನಾವು ಇರಬೇಕು, ಅಷ್ಟೆ.

ಅಭ್ಯಾಸ

೧. ದಂಡೆಯಲ್ಲಿ ನಿಂತು ಹನ್ನೊಂದು ಅಲೆಗಳ ನೆತ್ತಿಗಳು ಹಾದುಹೋಗಲು ೯೦ ಸೆಕೆಂಡು ಹಿಡಿದರೆ ಅಲೆಯ ಅವಧಿ ಎಷ್ಟು? ಆಳವಾದ ನೀರಿನಲ್ಲಿ ಅದರ ವೇಗವೆಷ್ಟು?
೨. ಡಿಸೆಂಬರ್ ೨೬ರ ಬೆಳಗ್ಗೆ ೫ ಗಂಟೆ ೩೦ ನಿಮಿಷಕ್ಕೆ ಉಬ್ಬರವಿದ್ದರೆ ೨೮ರ ಬೆಳಗಿನ ಉಬ್ಬರವು ಸುಮಾರು ಎಷ್ಟು ಹೊತ್ತಿಗೆ?
೩. ಸೆಳವಿನ ಗುರುತುಗಳಾವುವು? ಅದರಿಂದ ಪಾರಾಗುವ ಬಗೆ ಯಾವುದು? ತಮ್ಮ ತಂಗಿಯರಿಗೆ ಹೇಳುವಂತೆ ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.
೪. ನಿಮ್ಮ ಹುಟ್ಟೂರಿನ ಸಮೀಪದ ಅಳಿವೆಯ ಹೆಸರೇನು? ಅಲ್ಲಿ ಯಾವ ನದಿಯು ಕಡಲನ್ನು ಸೇರುತ್ತದೆ? ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿರಿ.